ಡ್ರೈವರಣ್ಣನ ಡಯಾಲಿಸಿಸ್ ಮತ್ತು ನಮ್ಮ ಸಭೆಯ ನಂಬಿಕೆ: ಒಂದು ಪ್ರಕರಣ

ಆ ಮನೆಯವರ ಹತ್ರ ಕೇಳಿಯೇ ಇದನ್ನು ಬರೀತಿದ್ದೇನೆ. ಊರು, ಸಭೆ, ಬಸ್ಸಿನ ಹೆಸರು ಯಾವುದೂ ಹಾಕುದಿಲ್ಲ, ಒಂದೆರಡು ವಿವರ ಬೇಕಂತಲೇ ಬದಲಾಯಿಸಿದ್ದೇನೆ, ಉಡುಪಿ ಮಂಗಳೂರು ನಡುವೆ ಎಲ್ಲೋ ಒಂದು ಕಡೆ ಅಂತ ಇಟ್ಕೊಳ್ಳಿ. ಅವರನ್ನು ಡ್ರೈವರಣ್ಣ ಅಂತ, ಅವರ ಹೆಂಡತಿಯನ್ನು ಅಕ್ಕ ಅಂತ ಕರೀತೇನೆ. ಸಭೆ ಅಂದ್ರೆ ನಮ್ಮ ಚರ್ಚಿನವರು, ನಾನು ಆ ಸಭೆಯ ಹಿರಿಯರ ಕಮಿಟಿಯಲ್ಲಿದ್ದವ, ಹುಷಾರಿಲ್ಲದವರ ಮನೆಗೆ ಹೋಗಿ ಪ್ರಾರ್ಥನೆ ಮಾಡುದು ನಮ್ಮ ಪಾಲಿನ ಕೆಲಸ. ಬೇರೆ ಸಭೆಗಳಲ್ಲಿ ಇದೇ ಕೆಲಸ ಮಾಡುವವರಿಗೆ ಉಪಯೋಗ ಆದ್ರೆ ಆಗ್ಲಿ, ಮತ್ತೆ ನಮಗೆ ದಾರಿ ತಪ್ಪಿದ್ದು ಎಲ್ಲಿ ಅಂತ ನನಗೇ ಒಮ್ಮೆ ಕೂತು ನೋಡ್ಬೇಕಿತ್ತು.

ಹಿನ್ನೆಲೆ

ಡ್ರೈವರಣ್ಣ ಉಡುಪಿ ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ 22 ವರ್ಷ ಸ್ಟಿಯರಿಂಗ್ ಹಿಡಿದವರು. ಈ ಲೈನಿನಲ್ಲಿ ಬಸ್ ಓಡಿಸುದಂದ್ರೆ ಗೊತ್ತಲ್ಲ, ಟೈಮಿಂಗ್ ಎರಡು ನಿಮಿಷ ತಪ್ಪಿದ್ರೆ ಹಿಂದಿನ ಬಸ್ಸಿನವ ಹಾರ್ನ್ ಒತ್ತಿಕೊಂಡೇ ಬರ್ತಾನೆ, ಊಟಕ್ಕೆ ಪುರುಸೊತ್ತಿಲ್ಲ, ನೀರು ಕುಡಿದ್ರೆ ಮೂತ್ರಕ್ಕೆ ಹೋಗ್ಬೇಕಾಗ್ತದೆ ಅಂತ ನೀರೂ ಕುಡಿಯುದಿಲ್ಲ. ಶುಗರ್ ಬಂದು 14 ವರ್ಷ ಆಗಿತ್ತು, ಮಾತ್ರೆ ನೆನಪಾದ್ರೆ ಉಂಟು ಇಲ್ಲದಿದ್ರೆ ಇಲ್ಲ. ಅಕ್ಕ ಬೀಡಿ ಕಟ್ಟುತ್ತಾರೆ, ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡೇ ಬಂದವರ ಹತ್ರ ಮಾತಾಡ್ತಾರೆ, ಮಾತು ನಿಂತ್ರೂ ಕೈ ನಿಲ್ಲುದಿಲ್ಲ. ಮಗಳು ಒಬ್ಬಳೇ, ಆಗ ಸೆಕೆಂಡ್ ಪಿಯುಸಿ.

ಡ್ರೈವರಣ್ಣನ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಇದನ್ನು ಹೇಳುದು ಯಾಕಂದ್ರೆ ನಮ್ಮ ಸಭೆಗಳ ಕತೆಯೇ ಅಲ್ಲಿಂದ ಶುರು. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದ್ರು, ಕ್ರೈಸ್ತರಾದವರಿಗೆ ಮನೆ, ಗದ್ದೆ, ಕುಲಕಸುಬು ಎಲ್ಲ ಕೈತಪ್ಪಿ ಹೋಗ್ತಿತ್ತು, ಆಗ ಅವರಿಗೆ ನೇಯ್ಗೆ, ಪ್ರೆಸ್ಸು, ಆಮೇಲೆ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ, ಹೀಗೆ ಗಂಜಿಗೊಂದು ದಾರಿ ಮಾಡಿದ್ದು. ಆ ಕಾಲದ ಅಜ್ಜಂದಿರು "ದೇವರು ನಂಬಿಗಸ್ತನು" ಅಂತ ಹೇಳಿದ್ರೆ ಅದರೊಳಗೆ ಶನಿವಾರದ ಸಂಬಳವೂ ಒಂದು ಸೇರು ಅಕ್ಕಿಯೂ ಇತ್ತು ಅಂತ ನನಗೆ ಈಗ ಕಾಣ್ತದೆ. ನಮ್ಮ ಕಾಲಕ್ಕೆ ಬರುವಾಗ ಅದು ಬರೀ ಕ್ಯಾಲೆಂಡರಿನ ವಚನ ಆಗಿ ಗೋಡೆಯಲ್ಲಿ ನೇತಾಡ್ತಿತ್ತು.

ಸಮಸ್ಯೆ

ಕಾಲು ಬಾತುಕೊಂಡಿತು, ಬೆಳಿಗ್ಗೆ ಎದ್ದರೆ ಮುಖವೂ ಬಾತಿರ್ತಿತ್ತು, ಊಟ ಸೇರುದಿಲ್ಲ. ಚಪ್ಪಲಿ ಹಾಕ್ಲಿಕ್ಕೆ ಆಗದ ದಿನ ಡಾಕ್ಟರಲ್ಲಿಗೆ ಹೋದದ್ದು. ಎರಡೂ ಕಿಡ್ನಿ ಹೋಗಿದೆ, ಡಯಾಲಿಸಿಸ್ ಶುರು ಮಾಡ್ಬೇಕು ಅಂತ ಹೇಳಿದ್ರು. ಮೊದಲು ಕುತ್ತಿಗೆಗೆ ಟ್ಯೂಬ್ ಹಾಕಿದ್ರು, ಎಡಗೈಯಲ್ಲಿ ಫಿಸ್ಟುಲಾ ಆಪರೇಶನ್ ಮಾಡಿದ್ರು, ಅಂದ್ರೆ ಡಯಾಲಿಸಿಸ್ ಸೂಜಿ ಹಾಕ್ಲಿಕ್ಕೆ ಎರಡು ರಕ್ತನಾಳ ಸೇರಿಸುದು, ಅದು ಬಲಿಯಲಿಕ್ಕೆ ವಾರಗಟ್ಲೆ ಬೇಕು. ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ.

ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿಎಲ್ ಕಾರ್ಡಿಗೆ ಡಯಾಲಿಸಿಸ್ ಫ್ರೀ, ಅದೊಂದು ದೊಡ್ಡ ಉಪಕಾರ. ಆದ್ರೆ ಹೋಗಿ ಬರುವ ರಿಕ್ಷಾ, ರಕ್ತ ಹೆಚ್ಚಾಗುವ ಇಂಜೆಕ್ಷನ್, ಜೊತೆಗೆ ಹೋದವರ ಒಂದು ದಿನದ ದುಡಿಮೆ, ಇದೆಲ್ಲ ಅವರ ಕೈಯಿಂದಲೇ ಹೋಗ್ತಿತ್ತು. ಡ್ರೈವಿಂಗ್ ನಿಂತಿತು. ಅಕ್ಕನ ಕರಿಮಣಿ ಬಿಟ್ಟು ಉಳಿದ ಚಿನ್ನ ಫೈನಾನ್ಸಿಗೆ ಹೋಯ್ತು.

ಇದು ಕಾಣುವ ಸಮಸ್ಯೆ. ಇನ್ನೊಂದು, ನಾವು ಮೊದಲ ಸಲ ಮನೆಗೆ ಹೋದ ದಿನವೇ ಡ್ರೈವರಣ್ಣ ಕೇಳಿದ್ರು, "ಮಾಷ್ಟ್ರೇ, ಇಪ್ಪತ್ತೆರಡು ವರ್ಷದಲ್ಲಿ ಒಂದು ನಾಯಿಯ ಮೇಲೂ ಗಾಡಿ ಹತ್ತಿಸಿದವ ಅಲ್ಲ ನಾನು. ಇದು ಯಾಕೆ?" ನನ್ನ ಹತ್ರ ಉತ್ತರ ಇರ್ಲಿಲ್ಲ, ಇಲ್ಲ ಅಂತ ಹೇಳ್ಬಹುದಿತ್ತು, ಹೇಳ್ಲಿಲ್ಲ. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ತೆಗೆದು ಎಲ್ಲವೂ ಒಳ್ಳೇದಕ್ಕೇ ಆಗ್ತದೆ ಅಂತ ಓದಿ, ಪ್ರಾರ್ಥನೆ ಮಾಡಿ, ಚಾ ಕುಡಿದು ಬಂದೆ.

ಮೊದಲು ನಾವು ಮಾಡಿದ್ದು

ಹೋದದ್ದೇ ಹೋದದ್ದು. ಆದಿತ್ಯವಾರ ಆರಾಧನೆ ಮುಗಿದ ಕೂಡಲೇ ಏಳೆಂಟು ಜನ ಒಟ್ಟಿಗೆ ಹೋಗುದು, ತಲೆಗೊಂದು ವಚನ ಹೇಳುದು, ಕೈಯಲ್ಲಿ ಎರಡು ಬೊಂಡ, ಅಂದ್ರೆ ಎಳನೀರಿನ ಕಾಯಿ. ನಮ್ಮ ಊರಿನಲ್ಲಿ ಹುಷಾರಿಲ್ಲದವರ ಮನೆಗೆ ಬೊಂಡ ಬಿಟ್ಟು ಬೇರೆ ಎಂತ ತಕ್ಕೊಂಡು ಹೋಗ್ತಾರೆ ಹೇಳಿ. ಕಿಡ್ನಿ ಹೋದವರಿಗೆ ಎಳನೀರು, ಬಾಳೆಹಣ್ಣು ವಿಷದ ಹಾಗೆ, ಅದರಲ್ಲಿರುವ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯವನ್ನೇ ನಿಲ್ಲಿಸಬಹುದು ಅಂತ ನಮಗೆ ಒಬ್ಬರಿಗೂ ಗೊತ್ತಿರ್ಲಿಲ್ಲ. ಡಯಾಲಿಸಿಸ್ ಸಿಸ್ಟರ್ ಅಕ್ಕನಿಗೆ ಬೈದಿದ್ರಂತೆ, ಅಕ್ಕ ನಮ್ಮ ಹತ್ರ ಹೇಳ್ಲಿಕ್ಕೆ ಸಂಕೋಚಪಟ್ಟು ಬೊಂಡಗಳನ್ನು ಅಡಿಗೆಕೋಣೆಯಲ್ಲಿ ಸಾಲಾಗಿ ಇಟ್ಟಿದ್ರು.

ಮಾತು ಎಲ್ಲ ಒಂದೇ ಕಡೆ ಹೋಗ್ತಿತ್ತು, ನಂಬಿಕೆ ಇಡಿ ಅಣ್ಣ, ನಂಬಿಕೆ ಸಡಿಲ ಮಾಡ್ಬೇಡಿ, ನಂಬಿಕೆ ಇದ್ದವರಿಗೆ ಆಗ್ತದೆ. ಪಾಪ, ವಾರಕ್ಕೆ ಎರಡು ಸಲ ಸೂಜಿ ಚುಚ್ಚಿಸಿಕೊಳ್ಳುವ ಮನುಷ್ಯನ ತಲೆ ಮೇಲೆ ಇನ್ನೊಂದು ಹೊರೆ, ಗುಣ ಆಗದಿದ್ರೆ ಅದೂ ಅವನದ್ದೇ ತಪ್ಪು.

ತಿರುವು

ನಾಲ್ಕನೇ ತಿಂಗಳಲ್ಲಿ ಯಾರೋ ನೆಂಟರ ಪರಿಚಯದಲ್ಲಿ ಹೊರಗಿನ ಒಬ್ಬರು ಬೋಧಕರು ಬಂದ್ರು, ನಮ್ಮ ಸಭೆಯವರಲ್ಲ. ಮನೆಕೂಟದಲ್ಲಿ ಡ್ರೈವರಣ್ಣನ ತಲೆ ಮೇಲೆ ಕೈ ಇಟ್ಟು, ಸ್ವಸ್ಥತೆ ಆಗಿಯಾಗಿದೆ, ಇನ್ನು ಮೆಷಿನಿಗೆ ಕೈ ಕೊಡುದು ಅಪನಂಬಿಕೆ ಅಂತ ಹೇಳಿದ್ರು. ಮೂರು ದಿನ ಉಪವಾಸ ಪ್ರಾರ್ಥನೆ ಅಂತ ತೀರ್ಮಾನ ಆಯ್ತು. ನಾನು ಅಲ್ಲೇ ಬಾಗಿಲ ಹತ್ರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಮಗಳು ಒಳಗಿಂದ ಬಂದು ನನ್ನ ಹತ್ರ ಮೆಲ್ಲ ಕೇಳಿದಳು, "ಮಾಮ, ಶುಕ್ರವಾರದ್ದು ತಪ್ಪಿಸ್ಬಾರ್ದು ಅಂತ ಡಾಕ್ಟರ್ ಹೇಳಿದ್ದಾರೆ, ನೀವು ಹೇಳಿ." ನಾನು ಹೇಳಿದ್ದು, "ಈಗ ಪ್ರಾರ್ಥನೆ ನಡೀತಾ ಉಂಟಲ್ಲ ಮಗ, ಆಮೇಲೆ ಮಾತಾಡುವ."

ಇಡೀ ಪ್ರಕರಣದಲ್ಲಿ ಒಂದು ಜಾಗಕ್ಕೆ ಬೆರಳಿಟ್ಟು ತೋರಿಸಿ ಅಂದ್ರೆ ನಾನು ಇಲ್ಲಿಗೆ ಇಡ್ತೇನೆ. ಬೋಧಕರು ಹೇಳಿದ್ದಕ್ಕಲ್ಲ, ನಾನು ಸುಮ್ಮನೆ ಕೂತದ್ದಕ್ಕೆ. ನನಗೆ ಅದು ಸರಿ ಕಂಡಿರ್ಲಿಲ್ಲ, ಆದ್ರೆ ಎದ್ದು ಬೇಡ ಅಂದ್ರೆ ನನ್ನ ನಂಬಿಕೆ ಕಡಿಮೆ ಅಂತ ಹತ್ತು ಜನ ತಿಳ್ಕೊಳ್ತಾರಲ್ಲ, ಅದಕ್ಕೆ ಹೆದರಿದ್ದು. ದೇವರಿಗಲ್ಲ.

ಶುಕ್ರವಾರ ಹೋಗ್ಲಿಲ್ಲ, ಮಂಗಳವಾರವೂ ಹೋಗ್ಲಿಲ್ಲ. ನಡುವೆ ಆದಿತ್ಯವಾರ ಉಪವಾಸ ಬಿಟ್ಟದ್ದು ಎಂತದ್ರಲ್ಲಿ ಅಂತೀರಿ, ಬೊಂಡದಲ್ಲಿ. ಎರಡು ಬೊಂಡ ಕುಡಿಸಿ ಸ್ತೋತ್ರ ಹೇಳಿದ್ರು. ಮಂಗಳವಾರ ರಾತ್ರಿ ಡ್ರೈವರಣ್ಣನಿಗೆ ಮಲಗ್ಲಿಕ್ಕೆ ಆಗ್ಲಿಲ್ಲ, ಮಲಗಿದ್ರೆ ಉಸಿರು ಕಟ್ಟುತ್ತದೆ ಅಂತ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿ ಕೂತರು, ಒಂದೂವರೆ ಗಂಟೆಗೆ ಕಾಲು ಎತ್ತಿ ಇಡ್ಲಿಕ್ಕೆ ಬಲ ಇಲ್ಲ. ಅಪ್ಪ ಬೇಡ ಅಂದ್ರೂ ಕೇಳದೆ ಮಗಳು 108ಕ್ಕೆ ಫೋನ್ ಮಾಡಿದಳು. ಎಮರ್ಜೆನ್ಸಿ ಡಯಾಲಿಸಿಸ್ ಆಯ್ತು. ಇನ್ನೊಂದು ಗಂಟೆ ಕಳೆದಿದ್ರೆ ನಮ್ಮ ಕೈಯಲ್ಲಿ ಇರ್ಲಿಲ್ಲ ಅಂತ ಡ್ಯೂಟಿ ಡಾಕ್ಟರ್ ಹೇಳಿದ್ದನ್ನು ಅಕ್ಕ ನನಗೆ ಹೇಳಿದ್ರು, ಕೋಪ ಇರ್ಲಿಲ್ಲ ಅವರ ಮಾತಿನಲ್ಲಿ, ನಿದ್ದೆಗೆಟ್ಟವರ ಮಾತು.

ಬೆಳಿಗ್ಗೆ ನಮ್ಮ ಸಭೆಯ ಪಾದ್ರಿ ಅಯ್ಯನವರೂ ನಾನೂ ಆಸ್ಪತ್ರೆಗೆ ಹೋದೆವು. ಅಯ್ಯನವರು ಬೈಬಲ್ ಬ್ಯಾಗಿನಿಂದ ತೆಗೀಲಿಕ್ಕೆ ಹೋದಾಗ ಅಕ್ಕ ಹೇಳಿದ್ರು, "ಅಯ್ಯನವರೇ, ವಚನ ನನಗೆ ಬಾಯಿಪಾಠ ಉಂಟು. ಇವರ ಹತ್ರ ನಾಲ್ಕು ಗಂಟೆ ಕೂತ್ಕೊಳ್ಳುವವರು ಯಾರಾದ್ರೂ ಇದ್ರೆ ಕಳಿಸಿ. ಬ್ರಾಂಚಿಗೆ ಬೀಡಿ ಕೊಡದೆ ಒಂಬತ್ತು ದಿನ ಆಯ್ತು."

ಅಯ್ಯನವರು ಬ್ಯಾಗಿನ ಜಿಪ್ ಎಳೆದ್ರು. ಆ ದಿನ ನಾಲ್ಕು ಗಂಟೆ ಅವರೇ ಕೂತರು.

ಕಮಿಟಿಯಲ್ಲಿ

ಆ ವಾರದ ಕಮಿಟಿ ಮೀಟಿಂಗ್ ರಾತ್ರಿ ಹತ್ತೂವರೆವರೆಗೆ ಹೋಯ್ತು, ಜಗಳವೇ ಆಯ್ತು. ಒಬ್ಬರು ಹಿರಿಯರು, ನಾವು ಆಸ್ಪತ್ರೆಯ ಪಾರ್ಟಿಯಾ ಪ್ರಾರ್ಥನೆಯ ಪಾರ್ಟಿಯಾ ಅಂತ ಕೇಳಿದ್ರು. ಅದಕ್ಕೆ ಅಯ್ಯನವರು, ಬೈಬಲಿನಲ್ಲಿ ಈ ಎರಡು ಪಾರ್ಟಿ ಎಲ್ಲುಂಟು ತೋರಿಸಿ ಅಂದ್ರು. ಹಿಜ್ಕೀಯ ರಾಜ ಸಾಯ್ಲಿಕ್ಕೆ ಬಿದ್ದಾಗ ಗುಣ ಆಗ್ತದೆ ಅಂತ ಪ್ರವಾದನೆ ಹೇಳಿದ ಯೆಶಾಯನೇ ಅಂಜೂರದ ಪಟ್ಟಿ ತಂದು ಹುಣ್ಣಿಗೆ ಕಟ್ಟಿಸಿ ಅಂದದ್ದು. ಪೌಲ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತಕ್ಕೋ ಅಂತ ಬರೆದ, ತ್ರೊಫಿಮನನ್ನು ಹುಷಾರಿಲ್ಲದ ಹಾಗೆಯೇ ಮಿಲೇತದಲ್ಲಿ ಬಿಟ್ಟು ಬಂದ, ಅವನಿಗೆ ನಂಬಿಕೆ ಸಾಲದು ಅಂತ ಪೌಲ ಬರೀಲಿಲ್ಲ. ಲೂಕ ವೈದ್ಯ. ಆ ಹಿರಿಯರು ಆಮೇಲೆ ಮಾತಾಡ್ಲಿಲ್ಲ, ಒಪ್ಪಿದ್ದಾರೆ ಅಂತಲೂ ಅಲ್ಲ, ಈಗ್ಲೂ ಒಪ್ಪಿಲ್ಲ.

ಆದ್ರೆ ನನ್ನ ತಲೆಯಲ್ಲಿ ನಿಂತದ್ದು ಇನ್ನೊಂದು. ಪ್ರಲಾಪಗಳು 3ನೇ ಅಧ್ಯಾಯದಲ್ಲಿ ದೇವರ ಕರುಣೆ ಮುಂಜಾನೆ ಮುಂಜಾನೆ ಹೊಸದು, ಅವನ ನಂಬಿಗಸ್ತಿಕೆ ದೊಡ್ಡದು ಅಂತ ಬರ್ತದಲ್ಲ, ಅಲ್ಲಿ ಇಬ್ರಿಯ (ಹೀಬ್ರೂ) ಭಾಷೆಯಲ್ಲಿರುವ ಶಬ್ದ ಎಮುನಾ. ನಾವು ಆಮೆನ್ ಅನ್ನುದೂ ಅದೇ ಬೇರಿನಿಂದ ಬಂದದ್ದು. ಆ ಶಬ್ದ ವಿಮೋಚನಕಾಂಡ 17ರಲ್ಲಿ ಎಲ್ಲಿ ಬರ್ತದೆ ಅಂದ್ರೆ ಕೈಯ ವಿಷಯದಲ್ಲಿ. ಅಮಾಲೇಕ್ಯರ ಜೊತೆ ಯುದ್ಧ, ಮೋಶೆ ಗುಡ್ಡದ ಮೇಲೆ ಕೈ ಎತ್ತಿ ನಿಂತಿದ್ದಾನೆ, ಕೈ ಸೋತು ಕೆಳಗೆ ಬರ್ತದೆ, ಆಗ ಆರೋನನೂ ಹೂರನೂ ಅವನನ್ನು ಒಂದು ಕಲ್ಲಿನ ಮೇಲೆ ಕೂರಿಸಿ ಆಚೆ ಒಬ್ಬ ಈಚೆ ಒಬ್ಬ ನಿಂತು ಕೈ ಹಿಡಿದ್ರು, ಹೊತ್ತು ಮುಳುಗುವವರೆಗೆ ಅವನ ಕೈ ಎಮುನಾ ಆಗಿತ್ತು, ಅಂದ್ರೆ ಅಲುಗದೆ ನಿಂತಿತ್ತು. ಮೋಶೆಗೆ ಬಲ ಇದ್ದದ್ದರಿಂದ ಅಲ್ಲ.

ಕನ್ನಡದಲ್ಲಿ ನಮಗೆ ಎರಡು ಶಬ್ದ ಉಂಟು, ನಂಬಿಕೆ ಅಂತ ಒಂದು, ನಂಬಿಗಸ್ತಿಕೆ ಅಂತ ಒಂದು. ಮೊದಲನೇದು ನಮ್ಮದು, ಏರ್ತದೆ ಇಳೀತದೆ, ಶುಗರ್ ರಿಪೋರ್ಟಿನ ಹಾಗೆ. ಎರಡನೇದು ಅವನದ್ದು. ನಾವು ಅಪನಂಬಿಗಸ್ತರಾದ್ರೂ ಅವನು ನಂಬಿಗಸ್ತನಾಗಿಯೇ ಇರ್ತಾನೆ ಅಂತ ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ ಉಂಟು. ನಾವು ನಾಲ್ಕು ತಿಂಗಳು ಡ್ರೈವರಣ್ಣನ ನಂಬಿಕೆಯನ್ನೇ ತೂಗ್ತಾ ಕೂತಿದ್ದೆವು, ದೇವರು ಬರುದೂ ಬಿಡುದೂ ಅದರ ತೂಕದ ಮೇಲೆ ಅನ್ನುವ ಹಾಗೆ.

ಆಮೇಲೆ ಆದದ್ದು

ಪಾಳಿ ಹಾಕಿದೆವು. ಮಂಗಳವಾರ ಒಬ್ಬರು, ಶುಕ್ರವಾರ ಒಬ್ಬರು, ಮನೆಯಿಂದ ಕರ್ಕೊಂಡು ಹೋಗಿ ನಾಲ್ಕು ಗಂಟೆ ಕೂತು ವಾಪಾಸು ತಂದು ಬಿಡ್ಬೇಕು. ಬೊಂಡ, ಬಾಳೆಹಣ್ಣು ಬಂದ್. ಕೇಳಿದ್ರೆ ಮಾತ್ರ ಪ್ರಾರ್ಥನೆ. ಯಾಕೆ ಹೀಗಾಯ್ತು ಅಂತ ಯಾರೂ ವಿವರಿಸ್ಲಿಕ್ಕೆ ಹೋಗ್ಬಾರ್ದು, ಯೋಬನ ಸ್ನೇಹಿತರು ಏಳು ದಿನ ಬಾಯಿ ಮುಚ್ಚಿ ನೆಲದಲ್ಲಿ ಕೂತಷ್ಟು ಹೊತ್ತು ಸರಿಯಾಗಿದ್ರು, ಬಾಯಿ ತೆಗೆದ ಮೇಲೆಯೇ ಕೆಟ್ಟದ್ದು. ಇಂಜೆಕ್ಷನಿನ ದುಡ್ಡು ಅಕ್ಕನ ಕೈಗೇ, ಆರಾಧನೆಯಲ್ಲಿ ಅನೌನ್ಸ್ ಮಾಡುದಿಲ್ಲ.

ಚಂದ ನಡೀತು ಅಂತ ಬರೆದ್ರೆ ಸುಳ್ಳಾಗ್ತದೆ. ಮೊದಲ ತಿಂಗಳು ಪಾಳಿಗೆ ಹೆಸರು ಕೊಡ್ಲಿಕ್ಕೆ ನೂಕುನುಗ್ಗಲು, ಜುಲಾಯಿಯ ಮಳೆ ಹಿಡಿಯುವಾಗ ಶುಕ್ರವಾರಕ್ಕೆ ಎರಡೇ ಹೆಸರು ಉಳಿದದ್ದು. ಆ ಖಾಲಿ ಶುಕ್ರವಾರಗಳನ್ನು ತುಂಬಿಸಿದ್ದು ಯಾರು ಅಂದ್ರೆ ಡ್ರೈವರಣ್ಣನ ಹಳೇ ಬಸ್ಸಿನ ಕಂಡಕ್ಟರ್, ದೇವಸ್ಥಾನಕ್ಕೆ ಹೋಗುವ ಮನುಷ್ಯ, ಡ್ಯೂಟಿ ಬದಲಾಯಿಸಿಕೊಂಡು ಬರ್ತಿದ್ದ. ಮತ್ತೆ ಪಕ್ಕದ ಮನೆಯ ಬಾಯಮ್ಮ, ಕೊಂಕಣಿ ಕ್ಯಾಥೊಲಿಕರು, ಜಪಸರ ಹಿಡಿದು ಒಂದು ಮಾತಾಡದೆ ಕೂರ್ತಿದ್ರು. ಡ್ರೈವರಣ್ಣನಿಗೆ ಅವರು ಬಂದ ದಿನ ಒಳ್ಳೇ ನಿದ್ದೆ ಬರ್ತಿತ್ತಂತೆ. ನಮ್ಮ ಸಭೆಯ ದೊಡ್ಡಸ್ತಿಕೆ ಅಷ್ಟರಲ್ಲೇ ಉಂಟು.

ಆ ವಾರ್ಡಿನಲ್ಲಿ ಕೂತವರಿಗೆ ಗೊತ್ತು, ಸೂಜಿ ಹಾಕಿದ ಕೈಯನ್ನು ನಾಲ್ಕು ಗಂಟೆ ಅಲುಗಿಸ್ಲಿಕ್ಕಿಲ್ಲ, ಮೂಗು ತುರಿಸಿದ್ರೂ ಇನ್ನೊಂದು ಕೈಯಿಂದಲೇ, ಮೆಷಿನ್ ಸಣ್ಣಗೆ ತಿರುಗ್ತಾ ಇರ್ತದೆ, ಪೈಪಿನಲ್ಲಿ ಅವರದ್ದೇ ರಕ್ತ ಹೋಗುದು ಬರುದು ಕಣ್ಣೆದುರೇ ಕಾಣ್ತದೆ. ಫಿಸ್ಟುಲಾದ ಮೇಲೆ ಬೆರಳಿಟ್ಟರೆ ಒಳಗೆ ಜುಂ ಅಂತ ಒಂದು ನಡುಕ ಸಿಗ್ತದೆ, ಬಸ್ಸಿನ ಇಂಜಿನ್ ಐಡಲಿನಲ್ಲಿ ಇದ್ದ ಹಾಗೆ ಅಂತ ಡ್ರೈವರಣ್ಣ ಹೇಳ್ತಾರೆ, ಅದು ನಿಂತ್ರೆ ಫಿಸ್ಟುಲಾ ಕಟ್ಟಿಹೋಗಿದೆ ಅಂತ ಲೆಕ್ಕ, ದಿನಾ ನೋಡ್ಬೇಕು. ಅಕ್ಕ ರಾತ್ರಿ ಬೀಡಿ ತಡ್ಪೆ ಬದಿಗಿಟ್ಟು, ಕೈ ತೊಳೆದು, ಅವರ ಎಡಗೈ ಮೇಲೆ ಮೂರು ಬೆರಳು ಇಟ್ಟು ನೋಡಿ "ಉಂಟು" ಅಂತ ಹೇಳಿಯೇ ಲೈಟ್ ಆರಿಸುದು. ಮೊದಲು ಆ ಹೊತ್ತಿಗೆ ಕುಟುಂಬ ಪ್ರಾರ್ಥನೆ ಇತ್ತು. ಈ ವಿಷಯ ಅಕ್ಕ ನನಗೆ ಹೇಳಿದ್ದು ಒಂಥರಾ ತಪ್ಪೊಪ್ಪಿಕೊಂಡ ಹಾಗೆ, ಪ್ರಾರ್ಥನೆ ಬರುದಿಲ್ಲ ಮಾಷ್ಟ್ರೇ ಈಗ, ಇಷ್ಟೇ ಆಗುದು ಅಂತ. ಅದೇ ಸಾಕು ಅಂತ ನಾನು ಹೇಳ್ಲಿಕ್ಕೆ ಹೋಗಿ ಬಾಯಿ ಮುಚ್ಚಿಕೊಂಡೆ, ನಿಯಮ ಮಾಡಿದವರಲ್ಲಿ ನಾನೂ ಒಬ್ಬ ಅಲ್ವಾ.

ಒಂದು ಮಂಗಳವಾರ ಡ್ರೈವರಣ್ಣನೇ ಎಂತಾದ್ರೂ ಓದಿ ಅಂದ್ರು, ಆದ್ರೆ ಗುಣ ಆದವರ ಕತೆ ಬೇಡ. ಕೀರ್ತನೆ 88 ಓದಿದೆ, ಅದು ಕತ್ತಲೆ ಅನ್ನುವಲ್ಲಿಗೇ ಮುಗೀತದೆ, ಕೊನೆಯಲ್ಲಿ ಒಂದು ಗೆರೆ ಬೆಳಕೂ ಇಲ್ಲ. "ಇದು ಬೈಬಲಿನಲ್ಲೇ ಉಂಟಾ?" ಅಂತ ಎರಡು ಸಲ ಕೇಳಿದ್ರು. ಮುಂದಿನ ವಾರ ಪ್ರಲಾಪಗಳು. ಆ ಪುಸ್ತಕ ಯೆರೂಸಲೇಮ್ ಬಿದ್ದು ಸುಟ್ಟುಹೋದ ಮೇಲಿನ ಅಳು, ಐದು ಅಧ್ಯಾಯ, ಮೊದಲ ನಾಲ್ಕು ಇಬ್ರಿಯ ಅಕ್ಷರಮಾಲೆಯ 22 ಅಕ್ಷರಗಳ ಕ್ರಮದಲ್ಲೇ ಕಟ್ಟಿದ್ದು, ಮೂರನೇದರಲ್ಲಿ ಒಂದೊಂದು ಅಕ್ಷರಕ್ಕೆ ಮೂರು ಮೂರರಂತೆ 66 ವಚನ. ನಾವು ಕ್ಯಾಲೆಂಡರಿಗೆ ಹಾಕುವ ಆ ನಂಬಿಗಸ್ತಿಕೆಯ ವಚನ ಆ ಪುಸ್ತಕದ ನಡುವಿನ ಅಧ್ಯಾಯದಲ್ಲಿ ಉಂಟು, ಕೊನೆಯಲ್ಲಿ ಇಲ್ಲ. ಅದಾದ ಮೇಲೂ ಅಳು ಉಂಟು, ಹಸಿವು ಉಂಟು, ಕೊನೇ ವಚನ ನೀನು ನಮ್ಮನ್ನು ಪೂರ್ತಿ ಬಿಟ್ಟೇ ಬಿಟ್ಟಿಯಾ ಅನ್ನುವ ಸಂಶಯದಲ್ಲಿ ನಿಲ್ತದೆ. ಡ್ರೈವರಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಇವನಿಗೂ ಮಧ್ಯದಲ್ಲೇ ಸಿಕ್ಕಿದ್ದು" ಅಂದ್ರು. ಅದಕ್ಕಿಂತ ಒಳ್ಳೇ ವ್ಯಾಖ್ಯಾನ ನಾನು ಕೇಳಿಲ್ಲ.

ಈಗ ಬೇರೆಯವರು ನಮ್ಮ ಹತ್ರ ಕೇಳಿದ್ರೆ ನಾವು ಹೇಳುದು ಮುಖ್ಯವಾಗಿ ಎರಡು. ಔಷಧ, ಡಯಾಲಿಸಿಸ್ ಬಿಡಿಸುವ ಮಾತು ಯಾವ ಪ್ರಾರ್ಥನೆಯಲ್ಲಿ ಬಂದ್ರೂ ಅಲ್ಲೇ ಎದ್ದು ನಿಲ್ಲಿಸಿ, ಯಾರು ಹೇಳಿದ್ರೂ ಸರಿ, ಆಮೇಲೆ ಮಾತಾಡುವ ಅನ್ಬೇಡಿ. ಇನ್ನೊಂದು ಸಾಕ್ಷಿಯ ವಿಷಯ, ಅಂದ್ರೆ ದೇವರು ತಮಗೆ ಮಾಡಿದ್ದನ್ನು ಸಭೆಯೆದುರು ಹೇಳುದು. ನಮ್ಮಲ್ಲಿ ಮೈಕ್ ಸಿಗುದು ಕಷ್ಟ ಮುಗಿದವರಿಗೆ ಮಾತ್ರ, ಆಪರೇಶನ್ ಸಕ್ಸಸ್ ಆದವರಿಗೆ, ವೀಸಾ ಬಂದವರಿಗೆ. ಕಷ್ಟದ ನಡುವೆ ಇರುವವ ಹಿಂದಿನ ಬೆಂಚಿನಲ್ಲಿ ಕೂತು ನನ್ನ ಹತ್ರ ಮಾತ್ರ ದೇವರು ಬಂದಿಲ್ಲ ಅಂತ ತಿಳ್ಕೊಳ್ತಾನೆ. ಒಂದು ಆದಿತ್ಯವಾರ ಅಕ್ಕ ಮೈಕ್ ಕೇಳಿ ತಕ್ಕೊಂಡು, "ಇವರಿಗೆ ಕಡಿಮೆ ಆಗ್ಲಿಲ್ಲ. ಆಗುದೂ ಇಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ನಿನ್ನೆ ಅಕ್ಕಿ ಇತ್ತು, ಇವತ್ತೂ ಉಂಟು, ಕಳಿಸಿದವರಿಗೆ ಸ್ತೋತ್ರ" ಅಂತ ಹೇಳಿ ಕೂತರು. ಆಮೆನ್ ಹೇಳ್ಬೇಕಾ ಬೇಡ್ವಾ ಅಂತ ಸಭೆಗೆ ಗೊತ್ತಾಗ್ಲಿಲ್ಲ. ಆ ವಾರ ಮೂರು ಮನೆಯವರು, ನಮ್ಮಲ್ಲೂ ಹೀಗೊಂದು ಉಂಟು ಅಂತ ಅಯ್ಯನವರ ಹತ್ರ ಬಂದ್ರು, ಅದರಲ್ಲಿ ಒಂದು ಮನೆಯ ಕಷ್ಟ ಆರು ವರ್ಷದ್ದು.

ಮಗಳ ವಿಷಯದಲ್ಲಿ ಲೆಕ್ಕ ಇನ್ನೂ ಬಾಕಿ ಉಂಟು. 14 ತಿಂಗಳು ಅವಳು ಸಭೆಗೆ ಬರ್ಲಿಲ್ಲ. ನಾನು ಒಂದು ಸಂಜೆ ಅವರ ಜಗಲಿಯಲ್ಲಿ ಕೂತು, ಆ ದಿನ ನೀನು ಹೇಳಿದ್ದು ಸರಿ, ನಾನು ಹೆದರಿ ಸುಮ್ಮನಾದದ್ದು, ನನ್ನದು ತಪ್ಪಾಯ್ತು ಅಂದೆ. ಅಮ್ಮನ ತಡ್ಪೆಯಿಂದ ನೂಲು ಬಿಡಿಸ್ತಿದ್ದಳು. "ಆಯ್ತು ಮಾಮ" ಅಂದಳು, ತಲೆ ಎತ್ತಲಿಲ್ಲ. ಈಗ ಬಿಕಾಂ ಮಾಡ್ತಿದ್ದಾಳೆ, ಅಪ್ಪನನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಆರಾಧನೆಗೆ ಬರ್ತಾಳೆ, ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚುದಿಲ್ಲ. ನಾನೂ ಅವಳ ಕಡೆ ನೋಡ್ಲಿಕ್ಕೆ ಹೋಗುದಿಲ್ಲ, ಹಾಗಾದ್ರೆ ನನಗೆ ಹೇಗೆ ಗೊತ್ತು ಅಂತ ಕೇಳ್ಬೇಡಿ.

ಡ್ರೈವರಣ್ಣನಿಗೆ ಡಯಾಲಿಸಿಸ್ ನಡೀತಾ ಉಂಟು. ಕಿಡ್ನಿ ಕಸಿಗೆ ಜೀವಸಾರ್ಥಕತೆಯಲ್ಲಿ, ಅಂದ್ರೆ ಅಂಗಾಂಗ ಕಸಿ ನೋಡಿಕೊಳ್ಳುವ ರಾಜ್ಯದ ಸಂಸ್ಥೆಯಲ್ಲಿ, ಹೆಸರು ಕೊಟ್ಟಿದ್ದಾರೆ, ಸರದಿ ಬಂದಿಲ್ಲ. ಡಯಾಲಿಸಿಸ್ ಇಲ್ಲದ ದಿನ ಬಸ್‌ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಕೆಲಸ, ಎರಡು ನಿಮಿಷ ಲೇಟಾದ ಡ್ರೈವರುಗಳಿಗೆ ಬೈಯುದು ಈಗ ಇವರೇ.

ಕಳೆದ ಬೆಳೆಹಬ್ಬದ ಏಲಂನಲ್ಲಿ, ಹಲಸು, ಕೋಳಿ, ಸೌತೆಕಾಯಿ ಎಲ್ಲ ಹೋಗಿ ಕೊನೆಗೆ ಒಂದು ಬೊಂಡದ ಗೊನೆ ಬಂತು. ಮುನ್ನೂರಕ್ಕೆ ನಿಂತಿದ್ದ ಏಲಂಗೆ ಹಿಂದಿನಿಂದ ಡ್ರೈವರಣ್ಣ "ಐನೂರು" ಅಂತ ಕೂಗಿದ್ರು. ಎಲ್ಲರೂ ತಿರುಗಿ ನೋಡಿದ್ರು, ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡ್ರು, ಅಯ್ಯನವರು ಮೈಕಿನಲ್ಲೇ, ಅಣ್ಣಾ ನಿಮಗೆ ಕುಡೀಲಿಕ್ಕಿಲ್ಲ ಅಂದ್ರು. "ನನಗಲ್ಲ, ಪಾಳಿಯವರಿಗೆ" ಅಂತ ಹೇಳಿ ದುಡ್ಡು ಎಣಿಸಿ ಕೊಟ್ಟು, ಕಂಡಕ್ಟರನನ್ನು ಕರೆದು ಗೊನೆ ಹೊರಿಸಿ, ಹಾಲ್‌ನ ಹಿಂದೆ ನಿಂತು ಒಂದೊಂದೇ ಕೆತ್ತಿಸಿ ಕೊಟ್ರು. ನನ್ನ ಕೈಗೆ ಬಂದದ್ದು ಸ್ವಲ್ಪ ಬಲಿತದ್ದು, ಒಳಗಿನ ಗಂಜಿ ದಪ್ಪ ಇತ್ತು.